ಡಿಸ್ಕೋ ಹಾಡಿಗೆ ಬೇಸ್ ಗಿಟಾರ್ ನುಡಿಸುವ ಬಗೆ

1980ರ ‘ಕುರ್ಬಾನಿ’ ಚಿತ್ರದ ‘ಆಪ್ ಜೈಸಾ ಕೋಯಿ’ ಹಾಡು ನಮ್ಮ ಮನೆಯ ಹಿರಿಯರಿಗೆಲ್ಲ ಗೊತ್ತು. ಹಾಡಿದ ನಾಜಿಯಾ ಹಸನ್ ಆಗ ನಮ್ಮಂತೆಯೇ ವಿದ್ಯಾರ್ಥಿನಿ. ಸಂಗೀತ ಕೊಟ್ಟ ಬಿಡ್ಡು ಹುಟ್ಟಿದ್ದು ಬೆಂಗಳೂರಿನಲ್ಲಿ. ಇಂಥ ಡಿಸ್ಕೋ ಹಾಡುಗಳಲ್ಲಿ ಕಾಲು ಕುಣಿಸುವುದು ಡ್ರಮ್ ಜೊತೆ ಸಾಗುವ ಬೇಸ್ ಗಿಟಾರ್.

ಬೇಸ್‌ಗೆ ಸಾಮಾನ್ಯವಾಗಿ ನಾಲ್ಕು ತಂತಿ: ಇ, ಎ, ಡಿ, ಜಿ. ಎಲ್ಲಕ್ಕಿಂತ ದಪ್ಪವಾದ ಇ ತಂತಿಯ 5ನೇ ಫ್ರೆಟ್‌ನಲ್ಲಿ ತೋರುಬೆರಳು ಒತ್ತಿ. ಅದು ‘ಎ’ ಸ್ವರ, ಸೆಕೆಂಡಿಗೆ 55 ಕಂಪನ. ಒಂದು ತಂತಿ ಬಿಟ್ಟು, ಡಿ ತಂತಿಯ 7ನೇ ಫ್ರೆಟ್‌ನಲ್ಲಿ ಕಿರುಬೆರಳು ಒತ್ತಿ. ಅದೇ ಸ್ವರ, 110 ಕಂಪನ. ಹಾರ್ಮೋನಿಯಂನ ಕೆಳಗಿನ ‘ಸ’, ಮೇಲಿನ ‘ಸ’ ಇದ್ದ ಹಾಗೆ.

‘ಒಂದು–ಮತ್ತೆ–ಎರಡು–ಮತ್ತೆ’ ಎಂದು ಎಣಿಸಿ. ಅಂಕಿಗೆ ಕೆಳಸ್ವರ, ‘ಮತ್ತೆ’ಗೆ ಮೇಲುಸ್ವರ. ನಿಮಿಷಕ್ಕೆ 120 ಪೆಟ್ಟು ಎಂದರೆ 240 ಸ್ವರ. ಲೆಕ್ಕ ಸುಲಭ; ಕೊನೆಯವರೆಗೆ ವೇಗ ಕೆಡದಂತೆ ನುಡಿಸುವುದು ಕಷ್ಟ. ಮೊದಲು 60 ಪೆಟ್ಟಿನಲ್ಲಿ ಕಲಿಯಿರಿ.

ಮುಖ್ಯ ಪಾಠ ಇದು: ಪ್ರತಿ ಸ್ವರವನ್ನೂ ಚಿಕ್ಕದಾಗಿ ನಿಲ್ಲಿಸಬೇಕು. ಬೆರಳನ್ನು ತಂತಿಯಿಂದ ಪೂರ್ತಿ ಎತ್ತದೆ ಒತ್ತು ಮಾತ್ರ ಸಡಿಲಿಸಿ. ನಡುವಿನ ಆ ಮೌನ ಇಲ್ಲದಿದ್ದರೆ ಸ್ವರಗಳು ಒಂದಕ್ಕೊಂದು ಬೆರೆತು ಕುಣಿತವೇ ಇರುವುದಿಲ್ಲ.

ಮೊಬೈಲ್ ಸ್ಪೀಕರ್‌ನಲ್ಲಿ ಕೆಳಸ್ವರ ಸರಿಯಾಗಿ ಕೇಳುವುದಿಲ್ಲ, ಇಯರ್‌ಫೋನ್ ಹಾಕಿ ಕೇಳಿ. ಗಿಟಾರ್ ಇಲ್ಲದವರು ಎಡಗೈಯಲ್ಲಿ ಅಂಕಿ, ಬಲಗೈಯಲ್ಲಿ ‘ಮತ್ತೆ’ ಎಂದು ಮೇಜು ತಟ್ಟಿ ಅಭ್ಯಾಸ ಮಾಡಬಹುದು.