ಬಿಡಿಎಸ್ ಪದವೀಧರರಿಗೆ ಅಮೆರಿಕದ ದಂತ ಕಾಲೇಜು: ಅರ್ಜಿಯ ದಾರಿ

ಭಾರತದ ಬಿಡಿಎಸ್ ಪದವಿಯೊಂದನ್ನೇ ನಂಬಿ ಅಮೆರಿಕದಲ್ಲಿ ದಂತ ಚಿಕಿತ್ಸಾಲಯ ತೆರೆಯಲು ಬರುವುದಿಲ್ಲ. ಅಲ್ಲಿ ವೃತ್ತಿ ಪರವಾನಗಿ ಕೊಡುವುದು ಆಯಾ ರಾಜ್ಯದ ದಂತ ಮಂಡಳಿ. ಬಹುತೇಕ ಮಂಡಳಿಗಳು ಕೇಳುವುದು ಕೋಡಾ ಎಂಬ ದಂತ ಶಿಕ್ಷಣ ಮಾನ್ಯತಾ ಆಯೋಗ ಒಪ್ಪಿದ ಕಾಲೇಜಿನ ಡಿಡಿಎಸ್ ಅಥವಾ ಡಿಎಂಡಿ ಪದವಿಯನ್ನು. ಇವೆರಡರಲ್ಲಿ ಯಾವುದು ಮೇಲು ಎಂಬ ಚರ್ಚೆಗೆ ಅರ್ಥವಿಲ್ಲ. 1867ರಲ್ಲಿ ದಂತ ವಿಭಾಗ ತೆರೆದ ಹಾರ್ವರ್ಡ್, ಪದವಿಗೆ ಲ್ಯಾಟಿನ್ ಹೆಸರಿಡುವ ತನ್ನ ಪದ್ಧತಿಯಂತೆ ಡಿಎಂಡಿ ಎಂದಿತು, ಅಷ್ಟೇ. ಓದೂ ಒಂದೇ, ಹಕ್ಕೂ ಒಂದೇ.

ನಾಲ್ಕು ವರ್ಷದ ಈ ಕೋರ್ಸನ್ನು ಮೊದಲಿನಿಂದ ಓದಬೇಕಾಗಿಲ್ಲ. ಹೊರದೇಶದ ದಂತವೈದ್ಯರನ್ನು ನಡುವಿನ ವರ್ಷಕ್ಕೆ ಸೇರಿಸಿಕೊಳ್ಳುವ ‘ಅಡ್ವಾನ್ಸ್ಡ್ ಸ್ಟ್ಯಾಂಡಿಂಗ್’ ಕಾರ್ಯಕ್ರಮಗಳು ಅನೇಕ ಕಾಲೇಜುಗಳಲ್ಲಿವೆ. ಸ್ಯಾನ್ ಫ್ರಾನ್ಸಿಸ್ಕೊದ ಯುಸಿಎಸ್‌ಎಫ್, ಅದೇ ಊರಿನ ಪೆಸಿಫಿಕ್ ವಿಶ್ವವಿದ್ಯಾಲಯ, ಲಾಸ್ ಏಂಜಲೀಸ್‌ನ ಯುಎಸ್‌ಸಿ, ಬೋಸ್ಟನ್ ವಿಶ್ವವಿದ್ಯಾಲಯಗಳಲ್ಲಿ ಇದು ಸುಮಾರು ಎರಡು ವರ್ಷದ ಓದು. ಕೆಲವೆಡೆ ಮೂರರ ಹತ್ತಿರ ಹೋಗುತ್ತದೆ. ಸೀಟುಗಳು ಕಡಿಮೆ, ಕೇಳುವವರು ಬಹಳ. ಹೀಗಾಗಿ ತರಗತಿ ಶುರುವಾಗುವುದಕ್ಕೆ ಎರಡು ವರ್ಷ ಮೊದಲೇ ಕೆಲಸ ಹಿಡಿಯುವುದು ಕ್ಷೇಮ.

ಮೊದಲು ಹೆಸರು, ಆಮೇಲೆ ಪರೀಕ್ಷೆ

ಪರೀಕ್ಷೆಗೆ ಪುಸ್ತಕ ಬಿಚ್ಚುವ ಮುನ್ನ ಪಾಸ್‌ಪೋರ್ಟ್ ಬಿಚ್ಚಿ ನೋಡಬೇಕು. ಕರ್ನಾಟಕದವರಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಕಾವ್ಯ ಬಿ.ಎಂ.’ ಎಂದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ತಂದೆಯ ಹೆಸರು ಸೇರಿರುತ್ತವೆ. ಮದುವೆಯಾಗಿದ್ದರೆ ಗಂಡನ ಹೆಸರೂ ಒಂದು ಕಡೆ ಬಂದಿರುತ್ತದೆ. ಅಮೆರಿಕದ ಕಚೇರಿಗಳ ಕಣ್ಣಿಗೆ ಇವರು ಮೂವರು ಬೇರೆ ಬೇರೆ ಜನ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯಿದ್ದರಂತೂ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಆಗಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಕೂರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಆದ್ದರಿಂದ ಪಾಸ್‌ಪೋರ್ಟನ್ನು ಮೊದಲು ಸರಿಪಡಿಸಿಕೊಂಡು, ಮುಂದಿನ ಪ್ರತಿ ನೋಂದಣಿಯಲ್ಲೂ ಅಕ್ಷರ ತಪ್ಪದಂತೆ ಅದೇ ಹೆಸರು ಕೊಡಬೇಕು. ಹಳೆಯ ದಾಖಲೆಗಳ ವ್ಯತ್ಯಾಸಕ್ಕೆ ನೋಟರಿ ಮಾಡಿಸಿದ ಅಫಿಡವಿಟ್ ಕೈಯಲ್ಲಿರಲಿ.

ಆ ಬಳಿಕ ಡೆಂಟ್‌ಪಿನ್. ಅಮೆರಿಕದ ದಂತ ಪರೀಕ್ಷೆಗಳಲ್ಲೂ ಪ್ರವೇಶ ಅರ್ಜಿಗಳಲ್ಲೂ ಅಭ್ಯರ್ಥಿಯನ್ನು ಗುರುತಿಸುವ ಸಂಖ್ಯೆ ಇದು. ಆನ್‌ಲೈನ್‌ನಲ್ಲೇ ಸಿಗುತ್ತದೆ.

ದಾಖಲೆಗಳ ಮೌಲ್ಯಮಾಪನವೇ ಹೆಚ್ಚು ದಿನ ತಿನ್ನುವ ಹಂತ. ಅಂಕಪಟ್ಟಿಯನ್ನು ಅಭ್ಯರ್ಥಿ ತಾನೇ ಸ್ಕ್ಯಾನ್ ಮಾಡಿ ಕಳಿಸಿದರೆ ನಡೆಯದು. ವಿಶ್ವವಿದ್ಯಾಲಯವೇ ಟ್ರಾನ್ಸ್‌ಕ್ರಿಪ್ಟನ್ನು ಮುಚ್ಚಿ ಮೊಹರು ಮಾಡಿದ ಲಕೋಟೆಯಲ್ಲೋ ವಿದ್ಯುನ್ಮಾನವಾಗಿಯೋ ಮೌಲ್ಯಮಾಪನ ಸಂಸ್ಥೆಗೆ ತಲುಪಿಸಬೇಕು. ರಾಜ್ಯದ ಹೆಚ್ಚಿನ ದಂತ ಕಾಲೇಜುಗಳು ಬೆಂಗಳೂರಿನ ಜಯನಗರದಲ್ಲಿರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಅಲ್ಲಿ ಓದಿದವರು ಆ ವಿಶ್ವವಿದ್ಯಾಲಯಕ್ಕೂ, ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಓದಿದವರು ತಮ್ಮ ಸಂಸ್ಥೆಗೂ ಅರ್ಜಿ ಹಾಕಬೇಕು. ಜೊತೆಗೆ ಇಂಟರ್ನ್‌ಶಿಪ್ ಪ್ರಮಾಣಪತ್ರ, ರಾಜ್ಯ ದಂತ ಪರಿಷತ್ತಿನ ನೋಂದಣಿ ಮತ್ತು ಅಲ್ಲಿಂದಲೇ ಸಿಗುವ ಗುಡ್ ಸ್ಟ್ಯಾಂಡಿಂಗ್ ಪತ್ರವನ್ನೂ ಒಂದೇ ಓಡಾಟದಲ್ಲಿ ಮಾಡಿಸಿಕೊಂಡರೆ ಆಮೇಲೆ ವಿದೇಶದಲ್ಲಿ ಕೂತು ನೆಂಟರನ್ನು ಕಚೇರಿಗೆ ಅಟ್ಟುವ ಪ್ರಮೇಯ ಬರುವುದಿಲ್ಲ.

ಮೌಲ್ಯಮಾಪನಕ್ಕೆ ಮಿಲ್ವಾಕಿಯ ಇಸಿಇ, ನ್ಯೂಯಾರ್ಕಿನ ಡಬ್ಲ್ಯುಇಎಸ್ ಹೆಸರುವಾಸಿ. ಆದರೆ ರಾಷ್ಟ್ರೀಯ ಬೋರ್ಡ್ ಪರೀಕ್ಷೆಗೆ ಇಸಿಇ ವರದಿಯೇ ಬೇಕು. ಹಾಗಾಗಿ ಕಾಲೇಜುಗಳಿಗೆ ಬೇಕಾಗುವ, ಪ್ರತಿ ವಿಷಯದ ವಿವರವಿರುವ ವರದಿಯನ್ನೂ ಇಸಿಇಯಿಂದಲೇ ಮಾಡಿಸಿದರೆ ಟ್ರಾನ್ಸ್‌ಕ್ರಿಪ್ಟಿಗೆ ಎರಡು ಸಲ ಅಲೆಯುವುದು ತಪ್ಪುತ್ತದೆ.

ಆ ರಾಷ್ಟ್ರೀಯ ಪರೀಕ್ಷೆಯೇ ಐಎನ್‌ಬಿಡಿಇ. ಎರಡು ಭಾಗಗಳಿದ್ದ ಹಳೆಯ ಬೋರ್ಡ್ ಪರೀಕ್ಷೆಯ ಜಾಗಕ್ಕೆ 2020ರಲ್ಲಿ ಬಂತು. ಒಟ್ಟು 500 ಪ್ರಶ್ನೆ: ಮೊದಲ ದಿನ 360, ಎರಡನೆಯ ದಿನ 140. ತೇರ್ಗಡೆಗೆ 75 ಸ್ಕೇಲ್ಡ್ ಅಂಕ ಬೇಕು. ಗೆದ್ದವರಿಗೆ ‘ಪಾಸ್’ ಎಂಬ ಪದವಷ್ಟೇ ಸಿಗುತ್ತದೆ, ಅಂಕ ಕಾಣುವುದಿಲ್ಲ. ಅಂಗರಚನೆ, ಔಷಧ, ಚಿಕಿತ್ಸೆ ಎಂದು ಬೇರೆ ಬೇರೆಯಾಗಿ ಓದಿದ ನೆನಪು ಇಲ್ಲಿ ಸಾಲದು. ಪ್ರಶ್ನೆಗಳಲ್ಲಿ ಬಹಳಷ್ಟು ರೋಗಿಯ ವಿವರದಿಂದ ಹೊರಡುತ್ತವೆ. ಇದೇ ಫಲಿತಾಂಶ ಮುಂದೆ ಪರವಾನಗಿಗೂ ಬೇಕಾಗುತ್ತದೆ. ಕಾಲೇಜುಗಳು ಇಂಗ್ಲಿಷ್ ಜ್ಞಾನಕ್ಕೆ ಕೇಳುವ ಟೋಫೆಲ್ ಪರೀಕ್ಷೆಯ ಅಂಕಕ್ಕಾದರೋ ಎರಡೇ ವರ್ಷ ಆಯುಸ್ಸು, ಅದನ್ನು ತೀರಾ ಬೇಗ ಬರೆದು ಮುಗಿಸುವುದು ಜಾಣತನವಲ್ಲ.

ಕ್ಯಾಪಿಡ್ ಅರ್ಜಿ

ಬಹುಪಾಲು ಕಾಲೇಜುಗಳಿಗೆ ಕ್ಯಾಪಿಡ್ ಎಂಬ ಒಂದೇ ಆನ್‌ಲೈನ್ ಅರ್ಜಿ ಸಾಕು. ಸಾಮಾನ್ಯವಾಗಿ ವಸಂತದ ಆರಂಭದಲ್ಲಿ, ಮಾರ್ಚ್ ಸುಮಾರಿಗೆ ತೆರೆಯುತ್ತದೆ. ಮೊದಲ ಕಾಲೇಜಿಗೆ ಒಂದು ಶುಲ್ಕ, ಮುಂದಿನ ಪ್ರತಿಯೊಂದಕ್ಕೂ ಅದಕ್ಕಿಂತ ಕಡಿಮೆ. ಆದರೆ ಹಲವು ಕಾಲೇಜುಗಳು ತಮ್ಮದೇ ಶುಲ್ಕವನ್ನು ಪ್ರತ್ಯೇಕ ಕೇಳುತ್ತವೆ. ಸಿಕ್ಕ ಕಾಲೇಜಿಗೆಲ್ಲ ಹಾಕಿದರೆ ದುಡ್ಡು ಕರಗುತ್ತದೆ. ಗಡುವಿನವರೆಗೆ ಕಾಯದೆ ಅರ್ಜಿ ಬಂದಂತೆ ಸಂದರ್ಶನಕ್ಕೆ ಕರೆಯುವ ಕಾಲೇಜುಗಳೂ ಇರುವುದರಿಂದ ತೆರೆದ ಮೊದಲ ವಾರಗಳಲ್ಲೇ ಸಲ್ಲಿಸುವುದು ಒಳ್ಳೆಯದು.

ಶಿಫಾರಸು ಪತ್ರದಲ್ಲಿ ಪ್ರಾಂಶುಪಾಲರ ದೊಡ್ಡ ಸಹಿಗಿಂತ, ಅಭ್ಯರ್ಥಿಯ ಕೆಲಸವನ್ನು ಪಕ್ಕದಲ್ಲಿ ನಿಂತು ನೋಡಿದ ಪ್ರಾಧ್ಯಾಪಕರ ನಾಲ್ಕು ನಿಖರ ಮಾತಿಗೆ ತೂಕ ಹೆಚ್ಚು. ಸ್ವವಿವರ ಪ್ರಬಂಧಕ್ಕೂ ಇದೇ ಮಾತು: ಬಾಲ್ಯದಿಂದ ದಂತವೈದ್ಯ ಆಗುವ ಕನಸಿತ್ತು ಎಂದು ಎಲ್ಲರೂ ಬರೆಯುತ್ತಾರೆ. ಅಮೆರಿಕದ ಕ್ಲಿನಿಕ್‌ಗಳಲ್ಲಿ ಕೆಲಸ ನೋಡಿದ ಅನುಭವವಿದ್ದರೆ ಅರ್ಜಿಗೆ ಬಲ. ಆದರೆ ಪ್ರವಾಸಿ ವೀಸಾದಲ್ಲಿ ಹೋದವರು ದೂರ ನಿಂತು ನೋಡಬಹುದೇ ಹೊರತು ಕೆಲಸಕ್ಕೆ ಸೇರುವಂತಿಲ್ಲ, ರೋಗಿಯನ್ನು ಮುಟ್ಟುವಂತಿಲ್ಲ.

ಬೆಂಚ್ ಟೆಸ್ಟ್

ಸಂದರ್ಶನದ ಜೊತೆ ಹಲವು ಕಾಲೇಜುಗಳು ಕೈಕೆಲಸವನ್ನೂ ಪರೀಕ್ಷಿಸುತ್ತವೆ. ವರ್ಷಗಟ್ಟಲೆ ಕ್ಲಿನಿಕ್ ನಡೆಸಿದವರೂ ಎಡವುವುದು ಇಲ್ಲೇ. ಟೈಪೊಡಾಂಟ್‌ನ ಪ್ಲಾಸ್ಟಿಕ್ ಹಲ್ಲಿನ ಮೇಲೆ ಕ್ಲಾಸ್ 2 ಕ್ಯಾವಿಟಿಯನ್ನೋ ಪೂರ್ಣ ಕ್ರೌನ್‌ನ ಪ್ರಿಪರೇಶನ್ನನ್ನೋ ಗೊತ್ತಾದ ಸಮಯದೊಳಗೆ ಮುಗಿಸಬೇಕು. ಪಕ್ಕದ ಹಲ್ಲಿಗೆ ಬರ್ ತಾಗಿ ಗೀರು ಬಿದ್ದರೆ ಎಷ್ಟು ಚೆಂದದ ಕೆಲಸವೂ ನೆಲಕಚ್ಚುತ್ತದೆ. ಏರೋಟರಿಗೆ ಪಳಗಿದ ಕೈಗೆ ಅಲ್ಲಿನ ಎಲೆಕ್ಟ್ರಿಕ್ ಹ್ಯಾಂಡ್‌ಪೀಸ್ ಭಾರ ಅನಿಸುತ್ತದೆ. ಒತ್ತಿದರೂ ಅದರ ವೇಗ ತಗ್ಗದ ಕಾರಣ ಕಣ್ಣು ಮಿಟುಕಿಸುವಷ್ಟರಲ್ಲಿ ಹೆಚ್ಚು ಕೊರೆದುಬಿಡುತ್ತದೆ. ಹಲ್ಲಿನ ಲೆಕ್ಕವೂ ಬೇರೆ. ಇಲ್ಲಿ 36 ಎಂದು ಕರೆಯುವ ಕೆಳ ಎಡ ಮೊದಲ ದವಡೆ ಹಲ್ಲು ಅಲ್ಲಿ 19. ಗಾಬರಿಯಲ್ಲಿ ತಪ್ಪು ಹಲ್ಲು ಕೊರೆದರೆ ತಿದ್ದಲು ಅವಕಾಶವಿಲ್ಲ. ಹೀಗಾಗಿ ಅಭ್ಯಾಸದ ದಿನಗಳಿಂದಲೇ ಅಮೆರಿಕದ 1ರಿಂದ 32ರ ಎಣಿಕೆ ಬಾಯಿಗೆ ಬರುವಂತೆ ಮಾಡಿಕೊಳ್ಳಬೇಕು.

ಹಣ, ವೀಸಾ, ನಂತರ

ಖಾಸಗಿ ಕಾಲೇಜುಗಳಲ್ಲಿ ಇಡೀ ಕೋರ್ಸಿನ ಬೋಧನಾ ಶುಲ್ಕವೇ ಅನೇಕ ಕಡೆ ಎರಡು ಲಕ್ಷ ಡಾಲರ್ ದಾಟುತ್ತದೆ. ಊಟ, ಬಾಡಿಗೆ ಬೇರೆ. ಅಮೆರಿಕ ಸರ್ಕಾರದ ವಿದ್ಯಾರ್ಥಿ ಸಾಲ ವಿದ್ಯಾರ್ಥಿ ವೀಸಾದವರಿಗೆ ಸಿಗುವುದಿಲ್ಲ. ಅಲ್ಲಿನ ಖಾಸಗಿ ಸಾಲಕ್ಕೆ ಸಾಮಾನ್ಯವಾಗಿ ಅಮೆರಿಕದ ಪೌರರೋ ಗ್ರೀನ್ ಕಾರ್ಡ್ ಇರುವವರೋ ಜಾಮೀನು ನಿಲ್ಲಬೇಕು. ಇಲ್ಲಿನ ಬ್ಯಾಂಕುಗಳು ಇಷ್ಟು ದೊಡ್ಡ ಮೊತ್ತಕ್ಕೆ ಆಸ್ತಿ ಅಡವು ಕೇಳುತ್ತವೆ. ಈ ಲೆಕ್ಕ ಸೀಟು ಸಿಕ್ಕ ಮೇಲೆ ಹಾಕುವಂಥದ್ದಲ್ಲ, ಡೆಂಟ್‌ಪಿನ್ ಪಡೆಯುವ ಮುನ್ನವೇ ಮನೆಯವರೊಂದಿಗೆ ಕೂತು ಹಾಕುವಂಥದ್ದು.

ಹಣದ ಪುರಾವೆ ತೋರಿಸಿದ ಮೇಲೆ ಕಾಲೇಜು ವೀಸಾಕ್ಕೆ ಬೇಕಾದ ಐ-20 ಎಂಬ ಪತ್ರ ಕಳಿಸುತ್ತದೆ. 350 ಡಾಲರ್ ಸೆವಿಸ್ ಶುಲ್ಕ ಕಟ್ಟಿ ಎಫ್-1 ವೀಸಾ ಸಂದರ್ಶನಕ್ಕೆ ಹೋಗಬೇಕು. ಕರ್ನಾಟಕದವರು ಹೆಚ್ಚಾಗಿ ಹೋಗುವುದು ಚೆನ್ನೈ ಅಥವಾ ಹೈದರಾಬಾದಿಗೆ.

ಕೊನೆಯ ವರ್ಷದಲ್ಲಿ ಎಲ್ಲಿ ನೆಲೆಸುವುದೆಂದು ತೀರ್ಮಾನಿಸಿದರೆ ಪರವಾನಗಿಯ ದಾರಿ ಸ್ಪಷ್ಟವಾಗುತ್ತದೆ. ಅನೇಕ ರಾಜ್ಯಗಳು ಅಡೆಕ್ಸ್ ಎಂಬ ಪ್ರಾಯೋಗಿಕ ಪರೀಕ್ಷೆ ಕೇಳುತ್ತವೆ. ನ್ಯೂಯಾರ್ಕ್ 2007ರಿಂದ ಪರೀಕ್ಷೆಯ ಬದಲು ಕನಿಷ್ಠ ಒಂದು ವರ್ಷದ ರೆಸಿಡೆನ್ಸಿ ಕಡ್ಡಾಯ ಮಾಡಿದೆ. ಓದು ಮುಗಿದ ಮೇಲೆ ಕೆಲಸಕ್ಕೆ ಸಿಗುವ ಒಪಿಟಿ ಅವಧಿ 12 ತಿಂಗಳು. ದಂತವೈದ್ಯ ಪದವಿಗೆ ಎಂಜಿನಿಯರುಗಳಂತೆ ವಿಸ್ತರಣೆ ಇಲ್ಲ. ಕೋರ್ಸ್ ಮುಗಿಯುವ 90 ದಿನ ಮೊದಲಿನಿಂದಲೇ ಒಪಿಟಿಗೆ ಅರ್ಜಿ ಹಾಕಬಹುದು. ಪರವಾನಗಿ ಕೈಗೆ ಬರುವ ದಿನವನ್ನು ಲೆಕ್ಕ ಹಾಕಿ ಒಪಿಟಿ ಶುರುವಾಗುವ ತಾರೀಖು ಆರಿಸಿಕೊಂಡರೆ ಆ 12 ತಿಂಗಳು ಖಾಲಿ ಕೂತು ಕಳೆದುಹೋಗುವುದಿಲ್ಲ.