ವೋಲ್ಟ್, ಆಂಪಿಯರ್ ಗೊತ್ತಾದರೆ ಸಾಕು: ಲೆಕ್ಕ ಗೆಲ್ಲುವ 7 ಸೂತ್ರಗಳು

ಬಂಟ್ವಾಳದಲ್ಲಿ ಐಟಿಐ ಓದುತ್ತಿದ್ದೀರಾ? ಉಜಿರೆಯಲ್ಲಿ ಡಿಪ್ಲೊಮಾ? ಮೂಡುಬಿದಿರೆ ಬಳಿಯ ಮಿಜಾರಿನಲ್ಲಿ ಎಂಜಿನಿಯರಿಂಗ್? ಅಥವಾ ಎಸ್ಸೆಸ್ಸೆಲ್ಸಿಯ ವಿದ್ಯುಚ್ಛಕ್ತಿ ಪಾಠದಲ್ಲೇ ಸಿಕ್ಕಿಬಿದ್ದಿದ್ದೀರಾ? ಎಲ್ಲರಿಗೂ ಎದುರಾಗುವ ಪ್ರಶ್ನೆ ಒಂದೇ: ವೋಲ್ಟೇಜ್ ಇಷ್ಟು, ಕರೆಂಟ್ ಇಷ್ಟು, ರೋಧ ಎಷ್ಟು, ಪವರ್ ಎಷ್ಟು? 'ನನಗೆ ಲೆಕ್ಕ ಬರುವುದಿಲ್ಲ' ಎನ್ನುವುದು ಬರೀ ಅಭ್ಯಾಸ. ಅದನ್ನು ಇಂದೇ ಬಿಡಿ. ಕಲಿಯಲು ನಿಮ್ಮ ತೋಟದ ಪಂಪ್ ಶೆಡ್ಡೇ ಸಾಕು.

1. ಎರಡೇ ಸೂತ್ರ ಬಾಯಿಪಾಠ ಮಾಡಿ.
ರೋಧ = ವೋಲ್ಟೇಜ್ ÷ ಕರೆಂಟ್. ಪವರ್ = ವೋಲ್ಟೇಜ್ × ಕರೆಂಟ್. ಮೊದಲನೆಯದನ್ನು 1827ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಜಾರ್ಜ್ ಸೈಮನ್ ಓಮ್ ಜರ್ಮನಿಯ ಶಾಲಾ ಮೇಷ್ಟ್ರು. ಉಳಿದ ಸೂತ್ರಗಳೆಲ್ಲ ಈ ಎರಡರಿಂದಲೇ ಹುಟ್ಟುತ್ತವೆ. ಪವರ್ ಎಂದರೆ ಕರೆಂಟ್‌ನ ವರ್ಗ × ರೋಧ. ಅದೇ ಪವರ್ ವೋಲ್ಟೇಜ್‌ನ ವರ್ಗ ÷ ರೋಧ ಕೂಡ ಹೌದು. ಇವನ್ನು ಉರು ಹೊಡೆಯಬೇಡಿ, ಒಮ್ಮೆ ನೀವೇ ಬರೆದು ಸಾಧಿಸಿ. ಹಾಗೆ ಬಂದದ್ದು ಪರೀಕ್ಷಾ ಹಾಲ್‌ನಲ್ಲಿ ಮರೆತುಹೋಗುವುದಿಲ್ಲ.

2. ಮೊದಲು ಮಾನ ಸರಿಮಾಡಿ, ಆಮೇಲೆ ಭಾಗಿಸಿ.
12 ವೋಲ್ಟ್, 20 ಮಿಲಿಆಂಪಿಯರ್ ಕೊಟ್ಟರೆ ರೋಧ 600 ಓಮ್. ಮಿಲಿಯನ್ನು ಮರೆತವರಿಗೆ 0.6 ಬರುತ್ತದೆ. ಅಂಕ ಹೋಗುವುದು ಇಲ್ಲೇ.

3. ಮನೆಯ ನೇಮ್‌ಪ್ಲೇಟ್‌ಗಳನ್ನು ಓದಿ.
ಇಸ್ತ್ರಿಪೆಟ್ಟಿಗೆಯ ಮೇಲೆ 230 ವೋಲ್ಟ್, 1000 ವ್ಯಾಟ್ ಎಂದಿದೆಯೇ? ಕರೆಂಟ್ 4.35 ಆಂಪಿಯರ್, ರೋಧ 52.9 ಓಮ್. 2000 ವ್ಯಾಟ್‌ನ ಗೀಸರ್ 8.7 ಆಂಪಿಯರ್ ಎಳೆಯುತ್ತದೆ. ಅದಕ್ಕೆ 6 ಆಂಪಿಯರ್ ಸಾಕೆಟ್ ಏಕೆ ಸಾಲದು ಎಂದು ಇನ್ನು ಯಾರೂ ನಿಮಗೆ ಹೇಳಿಕೊಡಬೇಕಿಲ್ಲ.

4. 'ಲೋ ವೋಲ್ಟೇಜ್' ಎಂದು ಗೊಣಗಬೇಡಿ, ಲೆಕ್ಕ ಹಾಕಿ.
ಅದೇ ಇಸ್ತ್ರಿಪೆಟ್ಟಿಗೆಗೆ 180 ವೋಲ್ಟ್ ಮಾತ್ರ ಬಂತೆನ್ನಿ. 180ರ ವರ್ಗವನ್ನು 52.9ರಿಂದ ಭಾಗಿಸಿ: ಸುಮಾರು 612 ವ್ಯಾಟ್. ವೋಲ್ಟೇಜ್ ಇಳಿದದ್ದು ಶೇ. 22, ಬಿಸಿ ಇಳಿದದ್ದು ಶೇ. 39. ವರ್ಗದ ಪೆಟ್ಟು ಇದು.

5. ವಯರನ್ನೂ ಲೆಕ್ಕಕ್ಕೆ ತನ್ನಿ.
ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಅಡಿಕೆ ತೋಟದ ಬಾವಿ ಮನೆಯಿಂದ 200 ಮೀಟರ್ ಕೆಳಗಿದೆ, 1 ಎಚ್‌ಪಿ ಸಿಂಗಲ್ ಫೇಸ್ ಪಂಪ್ 7 ಆಂಪಿಯರ್ ಎಳೆಯುತ್ತಿದೆ ಎನ್ನೋಣ. 2.5 ಸ್ಕ್ವೇರ್ ಎಂಎಂ ತಾಮ್ರದ ವಯರಿಗೆ ಕಿಲೋಮೀಟರಿಗೆ ಸುಮಾರು 7 ಓಮ್ ರೋಧ. ಕರೆಂಟ್ ಹೋಗಿ ಬರಬೇಕು, ಆದ್ದರಿಂದ ಉದ್ದ 400 ಮೀಟರ್, ರೋಧ 2.8 ಓಮ್. ಏಳನ್ನು 2.8ರಿಂದ ಗುಣಿಸಿದರೆ 19.6 ವೋಲ್ಟ್ ದಾರಿಯಲ್ಲೇ ಖಾಲಿ. ಏಳರ ವರ್ಗವನ್ನು 2.8ರಿಂದ ಗುಣಿಸಿ: 137 ವ್ಯಾಟ್ ವಯರನ್ನು ಬಿಸಿ ಮಾಡುವುದಕ್ಕೇ ಹೋಯಿತು. ಸಪೂರ ಪೈಪಿನಲ್ಲಿ ನೀರು ದೂರ ಹೋದಷ್ಟೂ ಕೊನೆಯ ಸ್ಪ್ರಿಂಕ್ಲರ್ ಸೋಲುವುದನ್ನು ನೀವು ನೋಡಿಯೇ ಇದ್ದೀರಿ, ಇದೂ ಹಾಗೆಯೇ.

ಈಗ 4 ಸ್ಕ್ವೇರ್ ಎಂಎಂ ವಯರ್ ಹಾಕಿ ನೋಡಿ. ರೋಧ ಸುಮಾರು 1.75 ಓಮ್, ನಷ್ಟ 12 ವೋಲ್ಟ್, 86 ವ್ಯಾಟ್. ರಾಜ್ಯದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗೆ ಬಿಲ್ ಇಲ್ಲದಿರಬಹುದು, ಆದರೆ ಕಳೆದುಹೋದ ವೋಲ್ಟೇಜನ್ನು ಯಾವ ಸಬ್ಸಿಡಿಯೂ ಮರಳಿ ಕೊಡುವುದಿಲ್ಲ. ಅಂಗಡಿಗೆ ಹೋಗುವ ಮುನ್ನ ಈ ಲೆಕ್ಕವನ್ನು ಅಪ್ಪನ ಮುಂದಿಡಿ. ನಿಮ್ಮ ಓದಿಗೆ ಮನೆಯಲ್ಲಿ ಸಿಗುವ ಮರ್ಯಾದೆಯೇ ಬೇರೆಯಾಗುತ್ತದೆ.

6. ಮೋಟಾರನ್ನು ಇಸ್ತ್ರಿಪೆಟ್ಟಿಗೆ ಎಂದುಕೊಳ್ಳಬೇಡಿ.
ಇಸ್ತ್ರಿಪೆಟ್ಟಿಗೆಯಲ್ಲಿ ವೋಲ್ಟೇಜ್ ಇಳಿದರೆ ಕರೆಂಟ್ ಕೂಡ ಇಳಿಯುತ್ತದೆ. ಓಡುವ ಪಂಪ್‌ನಲ್ಲಿ ನಡೆಯುವುದು ಸಾಮಾನ್ಯವಾಗಿ ಇದರ ತಿರುಗಾಮುರುಗಾ. ನೀರೆತ್ತುವ ಕೆಲಸ ಅಷ್ಟೇ ಇರುವುದರಿಂದ ಮೋಟಾರು ಹೆಚ್ಚು ಕರೆಂಟ್ ಎಳೆಯುತ್ತದೆ. ವೈಂಡಿಂಗ್‌ನಲ್ಲಿ ಹುಟ್ಟುವ ಬಿಸಿಗೆ ಕರೆಂಟ್‌ನ ವರ್ಗವೇ ಲೆಕ್ಕ: ಕರೆಂಟ್ ಶೇ. 20 ಏರಿದರೆ ಬಿಸಿ ಶೇ. 44 ಏರುತ್ತದೆ. ಬೇಸಗೆಯಲ್ಲಿ ತೋಟದ ಪಂಪ್‌ಗಳೆಲ್ಲ ಒಟ್ಟಿಗೆ ಓಡುವಾಗ ಲೈನ್ ಸೋಲುತ್ತದೆ, ಮೋಟಾರುಗಳು ರೀವೈಂಡಿಂಗ್ ಅಂಗಡಿ ಸೇರುತ್ತವೆ. ಕಾರಣ ಇಲ್ಲಿದೆ.

ಇನ್ನೊಂದು ಎಚ್ಚರ: 5 ಎಚ್‌ಪಿ ಎಂದರೆ 3730 ವ್ಯಾಟ್, ಆದರೆ ಅದು ಮೋಟಾರಿನ ಶಾಫ್ಟ್ ಕೊಡುವ ಪವರ್. ಲೈನ್‌ನಿಂದ ಎಳೆಯುವುದು ಅದಕ್ಕಿಂತ ಜಾಸ್ತಿ. ತ್ರೀ ಫೇಸ್ ಆದರೆ ಪವರ್ ಫ್ಯಾಕ್ಟರ್ ಮತ್ತು 3ರ ವರ್ಗಮೂಲವನ್ನೂ ಸೇರಿಸಿ. ಮೆಸ್ಕಾಂ ಕೆಲಸ ಬಯಸುವವರು ಈ ಲೆಕ್ಕವನ್ನು ಕನಿಷ್ಠ ಹತ್ತು ಮೋಟಾರುಗಳಿಗೆ ಮಾಡಿ.

7. ಅಳೆಯುವಾಗ ಧೈರ್ಯ ಬೇಡ, ಶಿಸ್ತು ಬೇಕು.
60 ವ್ಯಾಟ್‌ನ ಫಿಲಮೆಂಟ್ ಬಲ್ಬಿಗೆ ಲೆಕ್ಕದಲ್ಲಿ 882 ಓಮ್ ಬರುತ್ತದೆ; ಮಲ್ಟಿಮೀಟರ್ ತೋರಿಸುವುದು ಅದರ ಹತ್ತನೇ ಒಂದು ಭಾಗದ ಆಸುಪಾಸು. ಗಾಬರಿ ಬೇಡ. ಉರಿಯುವಾಗ ಕಾದ ತಂತಿಯ ರೋಧ ಬೇರೆ, ತಣ್ಣಗಿರುವಾಗ ಬೇರೆ. ಆದರೆ ಓಮ್ ಅಳೆಯುವ ಮುನ್ನ ಪ್ಲಗ್ ಕಿತ್ತಿಡಿ. ಕರೆಂಟ್ ಅಳೆಯುವ ಮೋಡ್‌ನಲ್ಲಿ ಮೀಟರಿನ ಪ್ರೋಬ್‌ಗಳನ್ನು ಸಾಕೆಟ್‌ಗೆ ತೂರಿಸಲೇಬೇಡಿ. ಆ ಮೋಡ್‌ನಲ್ಲಿ ಮೀಟರಿನ ರೋಧ ಹೆಚ್ಚುಕಡಿಮೆ ಸೊನ್ನೆ, ಅದು ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಒದ್ದೆ ಮೈಯ ರೋಧ 1000 ಓಮ್‌ಗೆ ಇಳಿದರೆ 230 ವೋಲ್ಟ್‌ನಲ್ಲಿ ಹರಿಯುವುದು 230 ಮಿಲಿಆಂಪಿಯರ್. ಜೀವ ತೆಗೆಯಲು ಅಷ್ಟು ಬೇಡ. ಮನೆಯಲ್ಲಿ 30 ಮಿಲಿಆಂಪಿಯರ್‌ಗೆ ಟ್ರಿಪ್ ಆಗುವ ಆರ್‌ಸಿಸಿಬಿ ಇದೆಯೇ ಎಂದು ಇಂದು ಸಂಜೆಯೇ ನೋಡಿ. ಇಲ್ಲದಿದ್ದರೆ ಮಳೆಗಾಲಕ್ಕೆ ಮುನ್ನ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದ ಹಾಕಿಸಿ.