ಸಂದಿಗೆ ಹೆಸರಿಟ್ಟವರಾರು?

ಪ್ರಶ್ನೆ: ಮಗಳ ಮನೆಗೆಂದು ಸ್ಟಾಕ್‌ಹೋಮ್‌ಗೆ ಹೋಗಿದ್ದಾಗ ಹಳೇ ಪಟ್ಟಣದಲ್ಲಿ ಬಹಳ ಇಕ್ಕಟ್ಟಾದ ಸಂದಿಯೊಂದನ್ನು ನೋಡಿದೆ. ಫಲಕದ ಮೇಲೆ ಮೋರ್ಟೆನ್ ಟ್ರೋಟ್ಸಿಗ್ ಎಂಬ ಹೆಸರಿತ್ತು. ಈತ ರಾಜನೋ, ಸೇನಾನಿಯೋ? ಅಲ್ಲಿನ ಓಣಿಗಳಿಗೆ ಹೆಸರಿಡುತ್ತಿದ್ದವರು ಯಾರು?

ಉತ್ತರ: ಎರಡೂ ಅಲ್ಲ, ಕಬ್ಬಿಣ ತಾಮ್ರ ಮಾರುತ್ತಿದ್ದ ವ್ಯಾಪಾರಿ. ಜರ್ಮನಿಯ ವಿಟೆನ್‌ಬರ್ಗ್‌ನವನು. 1581ರಲ್ಲಿ ಸ್ಟಾಕ್‌ಹೋಮ್‌ಗೆ ಬಂದು, 1597 ಮತ್ತು 1599ರಲ್ಲಿ ಈ ಸಂದಿಯಲ್ಲೇ ಮನೆಗಳನ್ನು ಕೊಂಡು ಅಂಗಡಿ ತೆರೆದ. ಊರಿನ ದೊಡ್ಡ ಸಾಹುಕಾರರಲ್ಲಿ ಒಬ್ಬನಾದ. 1617ರಲ್ಲಿ ವ್ಯಾಪಾರಕ್ಕೆಂದು ತಾಮ್ರದ ಗಣಿಗಳ ಸೀಮೆಗೆ ಹೋದವನನ್ನು ಅಲ್ಲಿ ಹೊಡೆದು ಕೊಂದರು.

ಅವನಿಗಿಂತ ಮುಂಚೆ ಜನ ಇದನ್ನು ಮೆಟ್ಟಿಲು ಸಂದಿ ಎನ್ನುತ್ತಿದ್ದರು. ಇರುವುದೂ ಹಾಗೆಯೇ: 36 ಮೆಟ್ಟಿಲು, ತೀರಾ ಕಿರಿದಾದ ಕಡೆ 90 ಸೆಂಟಿಮೀಟರ್ ಅಗಲ. ಎದುರಿಗೆ ಯಾರಾದರೂ ಇಳಿದು ಬಂದರೆ ಒಬ್ಬರು ಗೋಡೆಗೆ ಒರಗಿ ನಿಲ್ಲಬೇಕು. 19ನೇ ಶತಮಾನದಲ್ಲಿ ಎರಡೂ ತುದಿಗೆ ಬೇಲಿ ಬಿದ್ದು, ಮತ್ತೆ ತೆರೆದದ್ದು 1945ರಲ್ಲಿ. ಟ್ರೋಟ್ಸಿಗ್‌ನ ಹೆಸರು ಅಧಿಕೃತವಾದದ್ದಂತೂ 1949ರಲ್ಲಿ, ಅವನು ಸತ್ತು ಮುನ್ನೂರು ವರ್ಷ ದಾಟಿದ ಮೇಲೆ!

ಹಳೇ ಕಾಲದಲ್ಲಿ ಹೆಸರಿಡುವ ಸಮಿತಿಯೇನೂ ಇರಲಿಲ್ಲ. ಅಲ್ಲಿ ಯಾರ ಮನೆ ಇದೆ, ಯಾವ ಕಸುಬಿನವರಿದ್ದಾರೆ ಎನ್ನುವುದೇ ಗುರುತು. ಮನೆ ಕೈ ಬದಲಾದರೆ ಸಂದಿಯ ಹೆಸರೂ ಬದಲಾಗುತ್ತಿತ್ತು. ಗೌರವ ಸಲ್ಲಿಸುವ ಉದ್ದೇಶ ಯಾರಿಗೂ ಇರಲಿಲ್ಲ. ಹೀಗಾಗಿಯೇ ಈ ಪಟ್ಟಣದ ಫಲಕಗಳಲ್ಲಿ ಕೊಡಲಿ ಮಾಡುವ ಕಮ್ಮಾರರು, ಹಡಗಿನ ನಾಯಕರು, ವೈನ್ ಮಾರುತ್ತಿದ್ದ ಸ್ವೆನ್ ಎಂಬಾತ ಎಲ್ಲರೂ ಉಳಿದುಕೊಂಡಿದ್ದಾರೆ. ಸ್ವಾರ್ತ್‌ಮಾನ್‌ಗಾತಾನ್ ಎಂದರೆ ಕರಿಯರ ಬೀದಿ ಎಂದುಕೊಳ್ಳಬೇಡಿ; ಅದು ಕಪ್ಪು ಮೇಲಂಗಿ ತೊಡುತ್ತಿದ್ದ ಡೊಮಿನಿಕನ್ ಸನ್ಯಾಸಿಗಳ ಮಠದ ಕಡೆಗಿದ್ದ ದಾರಿ. ನನಗೆ ಅಚ್ಚುಮೆಚ್ಚಿನದು ಶಿಂಡ್‌ಸ್ತುಗಾತಾನ್. ಅದರ ಹಳೆಯ ರೂಪದಲ್ಲಿರುವುದು ಕಪಾಳಮೋಕ್ಷ! ಯಾರು ಯಾರಿಗೆ ಬಾರಿಸಿದರೋ, ಏಟು ಮಾತ್ರ ಬೀದಿಗೆ ಅಂಟಿಕೊಂಡಿತು.

ಮುಖ್ಯ ಚೌಕದಿಂದ ಇಳಿಯುವ ಕೋಕ್‌ಬ್ರಿಂಕೆನ್‌ನ ಹೆಸರು ತಪ್ಪಿತಸ್ಥರನ್ನು ಊರೆದುರು ಕಟ್ಟಿಹಾಕುತ್ತಿದ್ದ ಕಂಬದಿಂದ ಬಂದದ್ದು. ಇನ್ನೊಮ್ಮೆ ಹೋದರೆ ಈ ಇಳಿಜಾರು ಪ್ರೆಸ್ಟ್‌ಗಾತಾನ್ ಬೀದಿಯನ್ನು ದಾಟುವ ಮೂಲೆಯಲ್ಲಿ ನಿಂತು ಗೋಡೆಯ ಬುಡ ನೋಡಿ. ವೈಕಿಂಗರ ಕಾಲದ ರೂನ್ ಲಿಪಿಯ ಶಾಸನವೊಂದು ಅಲ್ಲಿದೆ. ಸ್ಟಾಕ್‌ಹೋಮ್ ಹುಟ್ಟುವ ಮೊದಲೇ ಕೆತ್ತಿದ್ದು. ಮನೆ ಕಟ್ಟಿದವರು ಅದನ್ನು ಬರೀ ಗಟ್ಟಿ ಕಲ್ಲೆಂದು ಗೋಡೆಗೆ ಸೇರಿಸಿಬಿಟ್ಟಿದ್ದಾರೆ.